ಪಂಕ್ತಿ ಮುರಿಯದ ಸ್ವಾತಂತ್ರ್ಯ

ವಿಜಯದಶಮಿಯ ಸಂಜೆ ಧಾರವಾಡದ ಓಣಿಗಳಲ್ಲಿ ಬನ್ನಿ ಎಲೆ ಕೈಯಿಂದ ಕೈಗೆ ಸಾಗುತ್ತದೆ. ಚಿಕ್ಕವರು ದೊಡ್ಡವರ ಕೈಯಲ್ಲಿ ಎಲೆ ಇಟ್ಟು ಕಾಲು ಮುಟ್ಟುತ್ತಾರೆ, ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುತ್ತಾರೆ. ಜಾತಿ ಮತ ನೋಡದೆ ಅಕ್ಕಪಕ್ಕದವರೆಲ್ಲರ ಬಾಗಿಲಿಗೂ ಹೋಗುತ್ತಾರೆ. ಅದರ ಮುಂದಿನ ಭಾನುವಾರ ಸಂಡೆ ಸ್ಕೂಲಿನಲ್ಲಿ ಯಾವುದಾದರೂ ಮಗು ಕೈ ಎತ್ತಿಯೇ ಎತ್ತುತ್ತದೆ: "ಟೀಚರ್, ನಾವು ಬನ್ನಿ ತಗೋಬಹುದೇನ್ರಿ?"

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೂ ನಾನು ಭಾನುವಾರದ ಈ ತರಗತಿಯನ್ನು ಬಿಟ್ಟಿಲ್ಲ. ಮಕ್ಕಳ ಬೆನ್ನಿಗೇ ತಾಯಂದಿರ ಪ್ರಶ್ನೆಗಳೂ ಬರುತ್ತವೆ. ಹಣೆಗೆ ಕುಂಕುಮ ಇಟ್ಟರೆ ತಪ್ಪೇ? ಪಕ್ಕದ ಮನೆಯವರು ಗಣೇಶ ಚೌತಿಗೆ ಕಳಿಸಿದ ಕಡುಬು ತಿನ್ನಬಹುದೇ? ಮಗಳ ಮದುವೆಯಲ್ಲಿ ತಾಳಿ ಕಟ್ಟಿಸಬೇಕೋ, ಉಂಗುರವೇ ಸಾಕೋ? ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ? ಆರಾಧನೆಯಲ್ಲಿ ತಬಲಾ?

ಹೊರಗಿನಿಂದ ನೋಡುವವರಿಗೆ ಕ್ರೈಸ್ತರೆಲ್ಲ ಒಂದೇ ಥರ ಕಾಣಬಹುದು. ಆದರೆ ನಮ್ಮೂರಲ್ಲೇ ಒಂದು ಸಭೆಯ ಹೆಂಗಸರು ತಾಳಿ, ಬಳೆ, ಹೂವು ಎಲ್ಲ ತೊಟ್ಟು ಆರಾಧನೆಗೆ ಬರುತ್ತಾರೆ. ಇನ್ನೊಂದು ಸಭೆಯವರು ಗುಂಜಿ ಬಂಗಾರವನ್ನೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಇಬ್ಬರ ಕೈಯಲ್ಲೂ ಇರುವುದು ಅದೇ ಸತ್ಯವೇದ. ಅದರಲ್ಲಿ ಬನ್ನಿಯ ಹೆಸರಿಲ್ಲ, ತಾಳಿಯ ಮಾತಿಲ್ಲ, ತಬಲದ ಸುದ್ದಿಯಿಲ್ಲ. ಹಾಗಿರುವಾಗ ತೀರ್ಮಾನ ಮಾಡುವುದು ಹೇಗೆ? ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಈ ಪ್ರಶ್ನೆಯ ಜೊತೆ ಗುದ್ದಾಡಿದ್ದಾರೆ. ಕೆಲವು ಸಲ ಬಹಳ ಚೆನ್ನಾಗಿ ಉತ್ತರಿಸಿದ್ದಾರೆ, ಕೆಲವು ಸಲ ಘೋರವಾಗಿ ಎಡವಿದ್ದಾರೆ. ಆ ಎರಡನ್ನೂ ತಿಳಿದುಕೊಂಡರೆ ನಮ್ಮ ಮನೆಯ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೂರನೆಯ ವರ್ಗ

ಕ್ರೈಸ್ತ ಬೋಧಕರು ಮನುಷ್ಯನ ನಡತೆಯನ್ನು ಮೂರು ಭಾಗ ಮಾಡಿ ನೋಡುತ್ತ ಬಂದಿದ್ದಾರೆ. ಕೆಲವನ್ನು ದೇವರು ಆಜ್ಞಾಪಿಸಿದ್ದಾನೆ: ನೆರೆಯವನನ್ನು ಪ್ರೀತಿಸಬೇಕು, ತಂದೆತಾಯಿಯನ್ನು ಗೌರವಿಸಬೇಕು. ಕೆಲವನ್ನು ನಿಷೇಧಿಸಿದ್ದಾನೆ: ಕೊಲೆ, ಕಳ್ಳತನ, ಸುಳ್ಳುಸಾಕ್ಷಿ, ವಿಗ್ರಹಾರಾಧನೆ. ಇವೆರಡರ ನಡುವೆ ಉಳಿಯುವುದೇ ಬದುಕಿನ ಬಹುಪಾಲು. ಏನು ಉಣ್ಣಬೇಕು, ಏನು ಉಡಬೇಕು, ಯಾವ ರಾಗದಲ್ಲಿ ಹಾಡಬೇಕು, ಯಾವ ದಿನ ಹಬ್ಬ ಮಾಡಬೇಕು. ಗ್ರೀಕ್ ತತ್ವಜ್ಞಾನಿಗಳಿಂದ ಬಂದ 'ಅಡಿಯಾಫೊರಾ' ಎಂಬ ಹೆಸರನ್ನು ಚರ್ಚಿನ ಪಂಡಿತರು ಈ ಮೂರನೆಯ ವರ್ಗಕ್ಕೆ ಕೊಟ್ಟರು. ತನ್ನಷ್ಟಕ್ಕೆ ಪುಣ್ಯವೂ ಅಲ್ಲದ, ಪಾಪವೂ ಅಲ್ಲದ ಸಂಗತಿಗಳು ಎಂದು ಅರ್ಥ.

ಇಂಥ ವಿಷಯಗಳಲ್ಲಿ ಕ್ರೈಸ್ತನಿಗೆ ಸ್ವಾತಂತ್ರ್ಯ ಉಂಟು. ಇಲ್ಲಿಯವರೆಗೆ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಯಾವ ವಿಷಯ ಈ ವರ್ಗಕ್ಕೆ ಸೇರುತ್ತದೆ ಎಂದು ಹೇಳುವವರು ಯಾರು? ಸ್ವಾತಂತ್ರ್ಯ ಇದ್ದರೂ ಅದನ್ನು ಬಳಸಬೇಕೇ? ಜಗಳ ಶುರುವಾಗುವುದು ಈ ಪ್ರಶ್ನೆಗಳಿಂದ.

ಕೊರಿಂಥದ ಮಾಂಸದಂಗಡಿ

ಈ ಪ್ರಶ್ನೆಯನ್ನು ಮೊದಲು ಬಿಡಿಸಿಟ್ಟವನು ಅಪೊಸ್ತಲ ಪೌಲ. ಸುಮಾರು ಕ್ರಿ.ಶ. 55ರ ಹೊತ್ತಿಗೆ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಅವನು ಮೂರು ಅಧ್ಯಾಯಗಳನ್ನು ಊಟದ ವಿಷಯಕ್ಕೇ ಮೀಸಲಿಟ್ಟಿದ್ದಾನೆ. ಕೊರಿಂಥ ಅಂಥ ಊರು. ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದ ಈ ಪಟ್ಟಣವನ್ನು ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಮತ್ತೆ ಕಟ್ಟಿಸಲು ತೊಡಗಿದ. ಬಂದರು, ವ್ಯಾಪಾರ, ನಾನಾ ದೇಶದ ಜನ, ನಾನಾ ದೇವರ ಗುಡಿಗಳು. ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಗುಡಿಯ ಉತ್ಖನನದಲ್ಲಿ ಸಾಲಾಗಿ ಊಟದ ಕೋಣೆಗಳೇ ಸಿಕ್ಕಿವೆ. ಹುಟ್ಟುಹಬ್ಬ, ಹರಕೆ, ಗೆಳೆಯರ ಕೂಟ ಎಲ್ಲ ಅಂಥ ಗುಡಿಗಳ ಅಂಗಳದಲ್ಲಿ ನಡೆಯುತ್ತಿದ್ದವು. ಬಲಿಕೊಟ್ಟ ಪಶುವಿನ ಮಾಂಸ ಪೇಟೆಯ ಅಂಗಡಿಗೂ ಬರುತ್ತಿತ್ತು. ಅಂಗಡಿಯಲ್ಲಿ ಕೊಳ್ಳುವ ಮಾಂಸ ಗುಡಿಯಿಂದ ಬಂದದ್ದೋ ಅಲ್ಲವೋ ಎಂದು ಕ್ರೈಸ್ತ ಗೃಹಿಣಿಗೆ ಹೇಗೆ ತಿಳಿಯಬೇಕು?

ಸಭೆ ಎರಡು ಪಾಲಾಗಿತ್ತು. ವಿಗ್ರಹದಲ್ಲಿ ಏನೂ ಇಲ್ಲ, ದೇವರು ಒಬ್ಬನೇ, ಆದ್ದರಿಂದ ಮಾಂಸ ಬರೀ ಮಾಂಸ ಎಂದು ತಿಳಿದವರು ಒಂದು ಕಡೆ. ನಿನ್ನೆ ಮೊನ್ನೆಯವರೆಗೆ ಅದೇ ವಿಗ್ರಹಕ್ಕೆ ಕೈಮುಗಿದು, ಈಗಲೂ ಆ ಮಾಂಸ ಬಾಯಿಗಿಟ್ಟರೆ ಹಳೆಯ ಪೂಜೆಯೇ ಮನಸ್ಸಿಗೆ ಬರುವವರು ಇನ್ನೊಂದು ಕಡೆ.

ಪೌಲನ ಉತ್ತರ ಮಟ್ಟಸವಾಗಿ ಮೂರು ಮೆಟ್ಟಿಲಲ್ಲಿ ಇಳಿಯುತ್ತದೆ. ಗುಡಿಯ ಪೂಜೆಯಲ್ಲಿ ಪಾಲುಗೊಂಡು ಅಲ್ಲೇ ಪಂಕ್ತಿಗೆ ಕೂರುವುದು ಬೇಡ, ಯಾಕೆಂದರೆ ಅದು ಆರಾಧನೆಯ ಭಾಗ, ಕರ್ತನ ಮೇಜಿನಲ್ಲಿ ಪಾಲುಗೊಂಡವರಿಗೆ ಅದು ಸಲ್ಲದು. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಂಡು ತಿನ್ನಬಹುದು. ಭೂಮಿಯೂ ಅದರ ಫಲವೂ ದೇವರದೇ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಬಹುದು. ಆದರೆ ಪಕ್ಕದಲ್ಲಿ ಕೂತವನೊಬ್ಬ 'ಇದು ಬಲಿಯ ಮಾಂಸ' ಎಂದು ಎತ್ತಿ ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಟ್ಟುಬಿಡಬೇಕು. ನಾನು ಉಣ್ಣುವುದರಿಂದ ನನ್ನ ಸಹೋದರ ಎಡವಿ ಬೀಳುವುದಾದರೆ ಬದುಕಿರುವ ತನಕ ಮಾಂಸವನ್ನೇ ಮುಟ್ಟುವುದಿಲ್ಲ ಎಂದೂ ಅವನು ಹೇಳಿಬಿಡುತ್ತಾನೆ.

ನಾನು ಮಕ್ಕಳಿಗೆ ಒತ್ತಿ ಹೇಳುವುದು ಇದನ್ನೇ. 'ಮಾಂಸದಲ್ಲಿ ಏನೂ ಇಲ್ಲ' ಎಂದವರ ತಿಳಿವಳಿಕೆ ಸರಿಯಾಗಿತ್ತು, ಪೌಲನೂ ಅದನ್ನು ಒಪ್ಪುತ್ತಾನೆ. ಆದರೂ ಸರಿಯಾದ ತಿಳಿವಳಿಕೆ ಇದ್ದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಆ ತಿಳಿವಳಿಕೆಯಿಂದ ಯಾರಿಗೆ ಏನಾಗುತ್ತದೆ ಎಂದೂ ನೋಡಬೇಕಾಯಿತು.

ಇದನ್ನು ಬನ್ನಿಗೆ ಹೊಂದಿಸಿ ನೋಡಿ. ಬನ್ನಿಗಿಡಕ್ಕೆ ಪೂಜೆ ಮಾಡುವಲ್ಲಿ ನಾನು ನಿಲ್ಲುವುದಿಲ್ಲ. ಅದು ಅವರ ಆರಾಧನೆ, ಅದಕ್ಕೆ ನನ್ನ ಗೌರವವಿದೆ, ಪಾಲಿಲ್ಲ. ಪಕ್ಕದ ಮನೆಯ ಹುಡುಗ ಪ್ರೀತಿಯಿಂದ ಕೈಗಿಟ್ಟ ಎಲೆಯನ್ನು ತೆಗೆದುಕೊಂಡು ಅವನ ತಲೆ ಸವರಿ ಉಂಡಿ ಕೊಡುತ್ತೇನೆ. ಆದರೆ ಹೊಸದಾಗಿ ಸಭೆಗೆ ಸೇರಿ, ಹಳೆಯ ದೇವರ ಭಯದಿಂದ ಈಗಷ್ಟೇ ಬಿಡಿಸಿಕೊಂಡ ಒಬ್ಬ ಹೆಣ್ಣುಮಗಳು ಆ ಹೊತ್ತಿಗೆ ನನ್ನ ಮನೆಯಲ್ಲಿ ಕೂತಿದ್ದಾಳೆ ಎನ್ನಿ. ನನ್ನ ಕೈಯಲ್ಲಿ ಎಲೆ ನೋಡಿ ಅವಳ ಎದೆ ಕಲಕುತ್ತದೆ ಎಂದು ಗೊತ್ತಾದರೆ, ಎಲೆಯನ್ನು ಪಕ್ಕಕ್ಕಿಟ್ಟು ಹುಡುಗನನ್ನು ಹಾಗೆಯೇ ಹರಸಿ ಕಳಿಸುತ್ತೇನೆ. ಎರಡೂ ಸಲ ನಾನು ಸ್ವತಂತ್ರಳೇ.

ರೋಮಾಪುರದ ಸೊಪ್ಪು ತಿನ್ನುವವರು

ಒಂದೆರಡು ವರ್ಷಗಳ ಬಳಿಕ ಪೌಲ ರೋಮಾಪುರದ ಸಭೆಗೆ ಪತ್ರ ಬರೆದಾಗ ಅಲ್ಲಿ ಇಂಥದೇ ಬಿರುಕು ಕಂಡಿತ್ತು. ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯ ಮಾತ್ರ ತಿನ್ನುತ್ತಿದ್ದರು. ಕೆಲವರಿಗೆ ಕೆಲವು ದಿನಗಳು ಶ್ರೇಷ್ಠ, ಕೆಲವರಿಗೆ ಎಲ್ಲ ದಿನವೂ ಒಂದೇ. ಚಕ್ರವರ್ತಿ ಕ್ಲೌದ್ಯ ಸುಮಾರು 49ರಲ್ಲಿ ಯೆಹೂದ್ಯರನ್ನು ಊರಿನಿಂದ ಹೊರಹಾಕಿದ್ದ. ಅವನು 54ರಲ್ಲಿ ಸತ್ತ ಮೇಲೆ ಅವರು ಮರಳಿ ಬಂದರು. ಅಷ್ಟರಲ್ಲಿ ಸಭೆಗಳು ಯೆಹೂದ್ಯೇತರರ ಕೈಗೆ ಹೋಗಿದ್ದವು, ಹೀಗೆ ಎರಡು ಬಗೆಯ ಊಟ ಒಂದೇ ಮನೆಯಲ್ಲಿ ಎದುರಾಯಿತು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಪೌಲ ಇಲ್ಲಿ ಯಾವ ಪಕ್ಷಕ್ಕೂ ಗೆಲುವು ಕೊಡುವುದಿಲ್ಲ. ತಿನ್ನುವವನು ತಿನ್ನದವನನ್ನು ತಾತ್ಸಾರ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಮನುಷ್ಯಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲವನ ಮಾತು ಇದು! ಸ್ವಾತಂತ್ರ್ಯ ಉಳ್ಳವರ ರೋಗ ತಾತ್ಸಾರ. ಕಟ್ಟುನಿಟ್ಟಿನವರ ರೋಗ ತೀರ್ಪು. ಇಬ್ಬರೂ ದೇವರಿಗೆ ಸ್ತೋತ್ರ ಹೇಳಿಯೇ ಉಣ್ಣುತ್ತಾರೆ ಅಥವಾ ಬಿಡುತ್ತಾರೆ, ಆದ್ದರಿಂದ ಇಬ್ಬರೂ ಒಬ್ಬನೇ ಯಜಮಾನನ ಆಳುಗಳು.

ನನ್ನ ತಂಗಿ ಬಂಗಾರ ತೊಡದ ಸಭೆಗೆ ಸೇರಿದ್ದಾಳೆ. ಅವಳ ಮನೆಯ ಪ್ರಾರ್ಥನಾಕೂಟಕ್ಕೆ ಹೋಗುವಾಗ ನಾನು ಬಳೆ, ಬೆಂಡೋಲೆ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಅವಳು ನನ್ನ ಮೊಮ್ಮಗಳ ತೊಟ್ಟಿಲಿಗೆ ಬಂದಾಗ ಕೂಸಿನ ಬಂಗಾರದ ಸರದ ಬಗ್ಗೆ ಒಂದು ಮಾತೂ ಆಡಲಿಲ್ಲ, ಎತ್ತಿಕೊಂಡು ಮುದ್ದಾಡಿದಳು. ನಮ್ಮಿಬ್ಬರ ನಡುವೆ ಈ ವಿಷಯದಲ್ಲಿ ಒಮ್ಮತ ಇಲ್ಲ. ಒಮ್ಮತ ಇರಲೇಬೇಕು ಎಂದು ಪೌಲನೂ ಕೇಳಲಿಲ್ಲ.

ತಿಮೊಥೆಗೆ ಹೌದು, ತೀತನಿಗೆ ಬೇಡ

ಹಾಗಾದರೆ ಯಾರು ಆಕ್ಷೇಪ ಎತ್ತಿದರೂ ನಾವು ಬಾಗುತ್ತಲೇ ಹೋಗಬೇಕೇ? ಇದಕ್ಕೂ ಪೌಲನ ಬದುಕಿನಲ್ಲೇ ಉತ್ತರವಿದೆ. ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನ್ನು ಜೊತೆಗೆ ಕರೆದುಕೊಂಡು ಹೋಗುವಾಗ, ಆ ಪ್ರದೇಶದ ಯೆಹೂದ್ಯರ ಸಲುವಾಗಿ ಪೌಲ ಅವನಿಗೆ ಸುನ್ನತಿ ಮಾಡಿಸಿದ. ಆದರೆ ಗ್ರೀಕನಾದ ತೀತನನ್ನು ಯೆರೂಸಲೇಮಿಗೆ ಕರೆದೊಯ್ದಾಗ, ಸುನ್ನತಿ ಇಲ್ಲದೆ ಇವನು ಪೂರ್ಣ ಕ್ರೈಸ್ತನಲ್ಲ ಎಂದು ಕೆಲವರು ಒತ್ತಾಯಿಸಿದರು. ಪೌಲ ಒಂದು ಗಳಿಗೆಯೂ ಮಣಿಯಲಿಲ್ಲ. ಸಂಸ್ಕಾರ ಅದೇ, ತೀರ್ಮಾನಿಸಿದವನೂ ಅದೇ ಪೌಲ, ತೀರ್ಮಾನ ಮಾತ್ರ ತದ್ವಿರುದ್ಧ. ಬಲವಿಲ್ಲದ ಮನಸ್ಸಿಗಾಗಿ ಬಿಟ್ಟುಕೊಡಬಹುದು. ಹೊಸ ಕಾನೂನು ಹೇರುವವನ ಮುಂದೆ ಬಿಟ್ಟುಕೊಡಬಾರದು.

ನಮ್ಮ ಸಭೆಯಲ್ಲೂ ಇಂಥ ಒಂದು ಗಳಿಗೆ ಬಂದಿತ್ತು. ಬೇರೆ ಊರಿನಿಂದ ಬಂದ ಬೋಧಕರೊಬ್ಬರು, ತಾಳಿ ಹಾಕಿಕೊಂಡ ಹೆಂಗಸರು ಕರ್ತನ ಭೋಜನಕ್ಕೆ ಯೋಗ್ಯರಲ್ಲ, ತೆಗೆದಿಟ್ಟು ಬರಲಿ ಎಂದರು. ಆದರೆ ನಮ್ಮ ದಕ್ಷಿಣ ಭಾರತ ಸಭೆಯ ಮದುವೆಯ ಕ್ರಮದಲ್ಲೇ ಉಂಗುರಕ್ಕೂ ತಾಳಿಗೂ ಎಡೆಯಿದೆ. ನಮ್ಮ ಹಿರಿಯರೊಬ್ಬರು ಎದ್ದು, "ಸಭೆಯ ತಂಗಿಯೊಬ್ಬಳ ಮನಸ್ಸು ನೋಯುತ್ತದಂದ್ರ ನನ್ನ ಹೆಂಡತಿ ತಾನಾಗೇ ತೆಗೆದಿಡ್ತಾಳ್ರಿ. ತೆಗೆದರ ಮಾತ್ರ ರಕ್ಷಣೆ ಅಂದ್ರ ತೆಗೆಯೂದಿಲ್ಲ" ಎಂದರು. ಎಲ್ಲರೂ ಇದ್ದಂತೆಯೇ ಮೇಜಿಗೆ ಹೋದರು. ಪೌಲನ ಎರಡು ತೀರ್ಮಾನಗಳನ್ನೂ ಆ ಹಿರಿಯರು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಒಂದೇ ಭಾನುವಾರ, ಎರಡು ಊರು

ಸಾವಿರದೈನೂರು ವರ್ಷ ದಾಟಿ ಯುರೋಪಿಗೆ ಬನ್ನಿ. 1522ರ ಮಾರ್ಚ್ 9, ಈಸ್ಟರಿಗೆ ಮೊದಲಿನ ಉಪವಾಸಕಾಲದ ಮೊದಲ ಭಾನುವಾರ. ಆ ಕಾಲದಲ್ಲಿ ಮಾಂಸ ತಿನ್ನುವುದನ್ನು ಚರ್ಚಿನ ಕಟ್ಟಳೆ ನಿಷೇಧಿಸಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ ಮುದ್ರಕ ಕ್ರಿಸ್ಟೊಫ್ ಫ್ರೋಶಾವರ್‌ನ ಮನೆಯಲ್ಲಿ ಕೆಲವರು ಕೂಡಿ ಒಣಗಿಸಿದ ಸಾಸೇಜನ್ನು ಕೊಯ್ದು ಹಂಚಿಕೊಂಡು ತಿಂದರು. ಪಾದ್ರಿ ಉಲ್ರಿಕ್ ಜ್ವಿಂಗ್ಲಿ ಅಲ್ಲೇ ಇದ್ದರು, ತಿನ್ನಲಿಲ್ಲ. ಸುದ್ದಿ ಹಬ್ಬಿ, ಫ್ರೋಶಾವರ್‌ನ ಮೇಲೆ ಕ್ರಮ ಜರುಗಿತು. ಜ್ವಿಂಗ್ಲಿ ಎರಡು ವಾರದ ಮೇಲೆ ಪ್ರಸಂಗಪೀಠ ಹತ್ತಿ ತಿಂದವರ ಪರ ನಿಂತರು; ಏಪ್ರಿಲಿನಲ್ಲಿ ಆ ಪ್ರಸಂಗ ಅಚ್ಚಾಯಿತು. ಉಪವಾಸ ಮಾಡಬೇಕೆನ್ನುವವನು ಮಾಡಲಿ, ಆದರೆ ದೇವರು ಹಾಕದ ಕಟ್ಟನ್ನು ಜನರ ಮೇಲೆ ಹಾಕಬೇಡಿ ಎಂಬುದು ಅದರ ಸಾರ. ಸ್ವಿಟ್ಜರ್ಲೆಂಡಿನಲ್ಲಿ ಚರ್ಚಿನ ಸುಧಾರಣೆ ಆರಂಭವಾದದ್ದು ಈ ಊಟದಿಂದ ಎಂದು ಇತಿಹಾಸಕಾರರು ಹೇಳುತ್ತಾರೆ.

ಅದೇ ಭಾನುವಾರ ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್ ಇದಕ್ಕೆ ಎದುರು ದಿಕ್ಕಿನ ರೋಗಕ್ಕೆ ಔಷಧ ಕೊಡಲು ಪೀಠ ಹತ್ತಿದ್ದರು. ಅವರು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಅವರ ಸಂಗಾತಿ ಕಾರ್ಲ್‌ಸ್ಟಾಟ್ ಮತ್ತಿತರರು ಊರಲ್ಲಿ ಸುಧಾರಣೆಯನ್ನು ಓಡಿಸಿಬಿಟ್ಟಿದ್ದರು. 1521ರ ಕ್ರಿಸ್ಮಸ್ ದಿನ ಕಾರ್ಲ್‌ಸ್ಟಾಟ್ ಪಾದ್ರಿಯ ನಿಲುವಂಗಿಯಿಲ್ಲದೆ ಸಂಸ್ಕಾರ ನಡೆಸಿ, ಅಲ್ಲಿಯವರೆಗೆ ಸಾಮಾನ್ಯರಿಗೆ ಸಿಗದಿದ್ದ ದ್ರಾಕ್ಷಾರಸದ ಪಾತ್ರೆಯನ್ನು ಅವರ ಕೈಗೇ ಕೊಟ್ಟ. ಚಿತ್ರಪಟ, ಪ್ರತಿಮೆಗಳನ್ನು ಕಿತ್ತುಹಾಕುವುದು ಶುರುವಾಯಿತು. ಹಳೆಯ ಪದ್ಧತಿಯಲ್ಲೇ ಮನಸ್ಸಿಟ್ಟವರು ದಿಕ್ಕುಗೆಟ್ಟರು. ಲೂಥರ್ ಪ್ರಾಣಾಪಾಯ ಲೆಕ್ಕಿಸದೆ ಊರಿಗೆ ಮರಳಿ, ಎಂಟು ದಿನ ಸತತವಾಗಿ ಬೋಧಿಸಿದರು. ನೀವು ಮಾಡಿದ್ದರಲ್ಲಿ ಬಹುಪಾಲು ಸರಿಯೇ, ಆದರೆ ಸ್ವತಂತ್ರವಾಗಿರಬೇಕಾದ್ದನ್ನು ಕಡ್ಡಾಯ ಮಾಡಿದಿರಿ, ನಿಮಗಿಂತ ನಿಧಾನವಾಗಿ ನಡೆಯುವವನಿಗಾಗಿ ಕಾಯಲಿಲ್ಲ, ನಂಬಿಕೆ ಇತ್ತು, ಪ್ರೀತಿ ಇರಲಿಲ್ಲ ಎಂಬರ್ಥದ ಮಾತುಗಳು ಅವು. ಊರು ಶಾಂತವಾಯಿತು.

ಈ ಎರಡು ಊರುಗಳ ಕಥೆಯನ್ನು ನಾನು ಒಟ್ಟಿಗೇ ಕಲಿಸುತ್ತೇನೆ. ಉಪವಾಸವನ್ನು ಕಾನೂನು ಮಾಡಿದವರಿಗೆ ಜ್ಯೂರಿಕ್ ಉತ್ತರ ಕೊಟ್ಟಿತು. ಹಳೆಯ ಪದ್ಧತಿ ಮುರಿಯುವುದನ್ನೇ ಕಾನೂನು ಮಾಡಹೊರಟವರಿಗೆ ವಿಟ್ಟೆನ್‌ಬರ್ಗ್ ಉತ್ತರ ಕೊಟ್ಟಿತು. ಬೇಡ ಎನ್ನುವ ಹಟ, ಬೇಕೇ ಬೇಕು ಎನ್ನುವ ಹಟ ಎರಡೂ ಸ್ವಾತಂತ್ರ್ಯವನ್ನು ಕೊಲ್ಲುತ್ತವೆ.

ಲೂಥರ್ ತೀರಿಕೊಂಡ ಎರಡು ವರ್ಷಕ್ಕೆ, 1548ರಲ್ಲಿ, ಇನ್ನೊಂದು ಪರೀಕ್ಷೆ ಬಂತು. ಯುದ್ಧದಲ್ಲಿ ಗೆದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್ ಸುಧಾರಿತ ಸಭೆಗಳ ಮೇಲೆ ಹಳೆಯ ವಿಧಿಗಳನ್ನು ಹೇರಿದ. ಲೂಥರರ ಆಪ್ತ ಮೆಲಾಂಕ್ಟನ್, ನಿಲುವಂಗಿ, ಹಬ್ಬ, ವಿಧಿಗಳೆಲ್ಲ ಅಡಿಯಾಫೊರಾ ತಾನೆ, ಸಭೆ ಉಳಿಯಲಿ ಎಂದು ಮಣಿದರು. ಮತ್ಥಿಯಾಸ್ ಫ್ಲಾಸಿಯಸ್ ಎಂಬ ಕಿರಿಯ ವಿದ್ವಾಂಸ ಮ್ಯಾಗ್ಡೆಬರ್ಗಿನಿಂದ ಪ್ರತಿಭಟಿಸಿದ. ನಂಬಿಕೆಯನ್ನು ಅಳಿಸಲು ಕತ್ತಿ ಹಿಡಿದು ಹೇರಿದಾಗ ಯಾವ ಸಣ್ಣ ವಿಷಯವೂ ಸಣ್ಣದಲ್ಲ ಎಂಬುದು ಅವನ ವಾದ. ಮೂರು ದಶಕ ಉರಿದ ಈ ವಿವಾದಕ್ಕೆ 1577ರಲ್ಲಿ ಲೂಥರನ್ನರು ತಮ್ಮ ಒಡಂಬಡಿಕೆಯ ಹತ್ತನೆಯ ವಿಧಿಯಲ್ಲಿ ಉತ್ತರ ಬರೆದರು: ಆಚಾರಗಳು ಸ್ವತಂತ್ರ, ಪ್ರತಿ ಸಭೆ ತನ್ನ ಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು, ಆದರೆ ಹಿಂಸೆಯ ಹೊತ್ತಿನಲ್ಲಿ ಶತ್ರುವಿಗೆ ಮಣಿದು ಬಿಟ್ಟುಕೊಡಬಾರದು. ತೀತನ ಪ್ರಸಂಗವೇ ಅಲ್ಲಿ ಅವರಿಗೆ ಆಧಾರ.

ಸತ್ಯವೇದದಲ್ಲಿ ಇಲ್ಲದ್ದು ಆರಾಧನೆಯಲ್ಲೂ ಬೇಡ ಎಂದು ಬಿಗಿಹಿಡಿದವರೂ ಇದ್ದರು. ಕ್ರಿಸ್ಮಸ್ ಆಚರಣೆಗೆ ಆಜ್ಞೆಯಿಲ್ಲವೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಅದನ್ನು ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರ ತನಕ ಕ್ರಿಸ್ಮಸ್ ಮಾಡಿದವರಿಗೆ ಐದು ಶಿಲಿಂಗ್ ದಂಡವಿತ್ತು. ಇಂದು ನಕ್ಷತ್ರದ ದೀಪ ಕಟ್ಟದ ಕ್ರೈಸ್ತರ ಮನೆ ಹುಡುಕಬೇಕು. ಒಂದು ಕಾಲದ ಮಹಾಪಾಪ ಇನ್ನೊಂದು ಕಾಲದ ಮಕ್ಕಳ ಸಂಭ್ರಮವಾಗುವುದನ್ನು ಕಂಡಾಗ ನಮ್ಮ ತೀರ್ಪುಗಳ ಬಗ್ಗೆ ನಮಗೇ ತುಸು ವಿನಯ ಬರಬೇಕು.

ಗಂಧದ ಬೊಟ್ಟು ಮತ್ತು ಗೋಡೆ

ಈಗ ನಮ್ಮ ನೆಲಕ್ಕೆ ಬರೋಣ. ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮದುರೆಗೆ ಬಂದು, ಕಾವಿ ಉಟ್ಟು, ಮಾಂಸ ಬಿಟ್ಟು, ಸಂಸ್ಕೃತ ಕಲಿತು ಬೋಧಿಸಿದರು. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಲಿ, ಅವು ಲೋಕಾಚಾರ ಎಂದರು. ಅವು ಪೂಜೆಯ ಗುರುತು ಎಂದು ಇತರ ಪಾದ್ರಿಗಳು ದೂರಿದರು. ಪೋಪ್ ಹದಿನೈದನೆಯ ಗ್ರೆಗರಿ 1623ರಲ್ಲಿ ನೊಬಿಲಿಯವರಿಗೆ ಅನುಮತಿ ಕೊಟ್ಟರು. ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಅದೇ ದಾರಿಯಲ್ಲಿ ಸಂನ್ಯಾಸಿಯಂತೆ ಬದುಕಿ ಕನ್ನಡ ನಾಡಿನಲ್ಲಿ ಬೋಧಿಸಿದರು. ಆದರೆ 1704ರಲ್ಲಿ ಪಾಂಡಿಚೇರಿಯಲ್ಲಿ ಪೋಪರ ಪ್ರತಿನಿಧಿ ಟೂರ್ನಾನ್ ಈ ಆಚಾರಗಳಲ್ಲಿ ಹಲವನ್ನು ನಿಷೇಧಿಸಿದರು, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ವಿವಾದಕ್ಕೆ ತೆರೆ ಎಳೆದರು. ಇಲ್ಲಿಗೆ ಬರುವ ಪಾದ್ರಿಗಳು ಇದಕ್ಕಾಗಿ ಮಾಡಬೇಕಿದ್ದ ಪ್ರಮಾಣವಚನವನ್ನು ರೋಮ್ ಕೈಬಿಟ್ಟದ್ದು 1940ರಲ್ಲಿ. ಗಂಧದ ಬೊಟ್ಟಿನ ಸುತ್ತ ಮೂರು ಶತಮಾನ!

ಆ ಮೂರು ಶತಮಾನ ಇನ್ನೊಂದು ಸಂಗತಿ ನಡೆಯುತ್ತಲೇ ಇತ್ತು. ಮೇಲುಜಾತಿಯಿಂದ ಬಂದ ಕ್ರೈಸ್ತರು ಒಂದು ಕಡೆ, ದಲಿತರಿಂದ ಬಂದವರು ಇನ್ನೊಂದು ಕಡೆ; ಅವರಿಗೆ ಬೇರೆ ಪಾದ್ರಿ, ಇವರಿಗೆ ಬೇರೆ. ಪ್ರೊಟೆಸ್ಟಂಟರಲ್ಲೂ ಇದೇ ಕಥೆ. ತಂಜಾವೂರು, ಮದ್ರಾಸಿನ ಸಭೆಗಳಲ್ಲಿ ಜಾತಿಯ ಪ್ರಕಾರ ಕೂರುವ ಸಾಲು, ಸಂಸ್ಕಾರ ತೆಗೆದುಕೊಳ್ಳುವ ಸರದಿ ಇದ್ದವು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಯೊಳಗೆ ಜಾತಿಭೇದ ಕೂಡಲೇ ನಿಲ್ಲಬೇಕೆಂದು ಪತ್ರ ಬರೆದಾಗ ಬಹಳ ಜನ ಸಭೆಯನ್ನೇ ಬಿಟ್ಟರು. ಜಾತಿ ಎಂಬುದು ಸಾಮಾಜಿಕ ಪದ್ಧತಿ, ಧರ್ಮದ ವಿಷಯವಲ್ಲ, ಬಲವಂತವಾಗಿ ಮುರಿಯುವುದು ಬೇಡ ಎಂದು ಲೈಪ್‌ಜಿಗ್ ಮಿಷನ್ನಿನ ಮುಖ್ಯಸ್ಥ ಕಾರ್ಲ್ ಗ್ರೌಲ್ ವಾದಿಸಿದರು. ಅಡಿಯಾಫೊರಾ ಎಂಬ ಹಳೆಯ ಪಾಠವನ್ನು ಜಾತಿಗೆ ಅಂಟಿಸಿದ ಹಾಗಾಯಿತು. ಇದಕ್ಕೆ ಎದುರಾಗಿ 1850ರಲ್ಲಿ ಮದ್ರಾಸಿನ ಮಿಷನರಿಗಳ ಸಮ್ಮೇಳನ, ಜಾತಿ ಬಿಟ್ಟದ್ದಕ್ಕೆ ಪುರಾವೆ ಜೊತೆಯಲ್ಲಿ ಕೂತು ಉಣ್ಣುವುದೇ ಎಂದು ಸಾರಿತು. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಸಿದ ನಮ್ಮ ಬಾಸೆಲ್ ಮಿಷನ್ನಿನವರೂ ಸಭೆಯಲ್ಲಿ ಜಾತಿಗೆ ಜಾಗವಿಲ್ಲ ಎಂಬ ಪಕ್ಷದವರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿನಲ್ಲಿ ಜಾತಿಗಳ ನಡುವೆ ಗೋಡೆಯೇ ಇತ್ತು. 1910ರಲ್ಲಿ ಅದನ್ನು ಕೆಡವಿದಾಗ ವ್ಯಾಜ್ಯ ಮದ್ರಾಸ್ ಹೈಕೋರ್ಟಿನವರೆಗೆ ಹೋಯಿತು. ಪ್ರತ್ಯೇಕ ಜಾಗದ ಹಕ್ಕನ್ನು ನ್ಯಾಯಾಲಯ ಒಪ್ಪಲಿಲ್ಲ.

ನಾನು ಚಿಕ್ಕವಳಿದ್ದಾಗ ಒಂದು ಹಳ್ಳಿಯ ಸಭೆಯ ಮದುವೆಗೆ ಹೋಗಿದ್ದೆವು. ಆರಾಧನೆ ಒಟ್ಟಿಗೇ ಆಯಿತು. ಊಟಕ್ಕೆ ಕೂತಾಗ ಕೆಲವು ಮನೆಯವರು ದೂರದ ಬೇವಿನ ಗಿಡದ ಕೆಳಗೆ ಬೇರೆ ಸಾಲು ಮಾಡಿ ಕೂತರು. "ಅದು ಇಲ್ಲಿ ಪದ್ಧತಿರಿ, ಯಾರಿಗೂ ಬ್ಯಾಸರಿಲ್ಲ" ಎಂದರು ಯಜಮಾನರು. ಅಪ್ಪ ತಮ್ಮ ಎಲೆ ಎತ್ತಿಕೊಂಡು ಹೋಗಿ ಆ ಸಾಲಿನಲ್ಲಿ ಕೂತರು. ಅವ್ವ ನಮ್ಮನ್ನು ಕರೆದುಕೊಂಡು ಹಿಂಬಾಲಿಸಿದಳು. ಮನೆಗೆ ಬರುವ ದಾರಿಯಲ್ಲಿ ಅಪ್ಪ ನನಗೆ ಅಂತಿಯೋಕ್ಯದ ಕಥೆ ಹೇಳಿದರು.

ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆ ಕಥೆ ಇದೆ. ಯೇಸುವಿನ ಶಿಷ್ಯ ಪೇತ್ರ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಕ್ರೈಸ್ತರ ಜೊತೆ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದದ್ದೇ ತಡ, ಅವರಿಗೆ ಅಂಜಿ ಪಂಕ್ತಿ ಬಿಟ್ಟು ಸರಿದ. ಪೌಲನ ಸಂಗಾತಿ ಬಾರ್ನಬನಂಥವನೂ ಅವನ ಹಿಂದೆ ಹೋದ. ಪೇತ್ರ ತಾನು ಯಾವ ಬೋಧನೆಯನ್ನೂ ಬದಲಿಸಲಿಲ್ಲ, ಎದ್ದು ಬೇರೆ ಕಡೆ ಕೂತನಷ್ಟೆ. ಮಾಂಸದ ವಿಷಯದಲ್ಲಿ ಅಷ್ಟು ತಾಳ್ಮೆ ತೋರಿದ ಅದೇ ಪೌಲ ಇಲ್ಲಿ ಸಭೆಯ ಕಂಬದಂಥ ಪೇತ್ರನನ್ನು ಎಲ್ಲರೆದುರಿಗೆ ಮುಖಾಮುಖಿ ಖಂಡಿಸಿದ. ಪೇತ್ರ ಸರಿದ ಕೂಡಲೇ ಉಳಿದವರು ಎರಡನೆಯ ದರ್ಜೆಯವರಾದರು, ಸುವಾರ್ತೆಯೇ ಸುಳ್ಳಾಯಿತು. ಏನು ಉಣ್ಣಬೇಕು ಎಂಬುದು ಸ್ವತಂತ್ರ ವಿಷಯ. ಯಾರ ಜೊತೆ ಉಣ್ಣುವುದಿಲ್ಲ ಎಂಬುದು ಎಂದಿಗೂ ಆ ವರ್ಗಕ್ಕೆ ಸೇರದು.

ಮೇಜಿನ ಅಳತೆ

ಯಾರೂ ಪಂಕ್ತಿಯ ಹೊರಗೆ ಉಳಿಯಬಾರದು ಎಂಬ ಈ ಅಳತೆಗೋಲನ್ನು ಹಿಡಿದರೆ ಬಹಳಷ್ಟು ಗಂಟುಗಳು ಸಡಿಲವಾಗುತ್ತವೆ. ಆರಾಧನೆಯ ಸಂಗೀತವನ್ನೇ ನೋಡಿ. ನಮ್ಮ ಹಳೆಯ ಸಂಗೀತದ ಪುಸ್ತಕದಲ್ಲಿ ಜರ್ಮನ್ ಧಾಟಿಗಳು ತುಂಬಿವೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರೋ 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಆರ್ಗನ್ ಬೇಕು ಎನ್ನುವ ಅಜ್ಜನಿಗೂ ತಬಲಾ ಬೇಕು ಎನ್ನುವ ಹುಡುಗನಿಗೂ ಒಂದೇ ಸಭೆಯಲ್ಲಿ ಜಾಗವಿದೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆದಾಗ, ಒಂದಾಗುವ ಮೊದಲು ಬಳಕೆಯಲ್ಲಿದ್ದ ಆರಾಧನಾಕ್ರಮವನ್ನು ಯಾರಿಂದಲೂ ಕಸಿಯಬಾರದು, ಹೊಸದನ್ನು ಯಾವ ಸಭೆಯ ಮೇಲೂ ಹೇರಬಾರದು ಎಂದು ಬರೆದುಕೊಂಡರು. ಅಷ್ಟು ಬೇರೆ ಬೇರೆ ಸಂಪ್ರದಾಯದವರು ಒಂದೇ ಮೇಜಿಗೆ ಬರಲು ಸಾಧ್ಯವಾದದ್ದು ಈ ಔದಾರ್ಯದಿಂದ.

ಕುಂಕುಮವೂ ಹಾಗೆಯೇ. ನಮ್ಮಲ್ಲಿ ಕೆಲವರಿಗೆ ಅದು ಅಲಂಕಾರ, ಕೆಲವರಿಗೆ ಮುತ್ತೈದೆತನ, ಕೆಲವರಿಗೆ ದೇವಿಯ ಪ್ರಸಾದ. ಇಡುವವಳ ಮನಸ್ಸಿನಲ್ಲಿ ಅದು ಪೂಜೆಯಾಗಿದ್ದರೆ ಬೇಡ, ಅಲಂಕಾರವಾಗಿದ್ದರೆ ಅವಳಿಷ್ಟ. ಸಂಶಯದಿಂದ ಮಾಡುವುದು ಮಾಡುವವನಿಗೆ ಪಾಪ ಎಂದು ಪೌಲ ರೋಮಾಪುರದವರಿಗೆ ತಿಳಿಸಿದ. ಹಾಗಾಗಿ ಮನಸ್ಸು ಒಪ್ಪದವಳನ್ನು 'ಇಟ್ಟುಕೋ, ಏನಾಗ್ತದ' ಎಂದು ಒತ್ತಾಯಿಸುವುದೂ ತಪ್ಪೇ. ವಿಧವೆಯರನ್ನು ಮದುವೆಮನೆಯಲ್ಲಿ ಹಿಂದೆ ನಿಲ್ಲಿಸಲು ಇದೇ ಕುಂಕುಮ, ಹೂವುಗಳು ನೆಪವಾಗುವುದನ್ನು ಕ್ರೈಸ್ತರ ಮನೆಗಳಲ್ಲೂ ಕಂಡಿದ್ದೇನೆ. ಅಂಥಲ್ಲಿ ಅದು ಅಲಂಕಾರವಾಗಿ ಉಳಿಯುವುದಿಲ್ಲ, ಪಂಕ್ತಿಭೇದವಾಗುತ್ತದೆ, ಆಗ ಮಾತಾಡಲೇಬೇಕು.

ಸಂಡೆ ಸ್ಕೂಲಿನ ಮಕ್ಕಳಿಗೆ ನಾನು ಮಾಡಬಹುದಾದ ಮತ್ತು ಮಾಡಬಾರದ ಪಟ್ಟಿ ಕೊಡುವುದಿಲ್ಲ. ನಾಲ್ಕು ಪ್ರಶ್ನೆ ಕೊಡುತ್ತೇನೆ. ಇದು ಬೇರೊಂದು ಆರಾಧನೆಯಲ್ಲಿ ಪಾಲುಗೊಳ್ಳುವುದೇ? ನನ್ನ ಮನಸ್ಸು ಸಂಶಯವಿಲ್ಲದೆ ದೇವರಿಗೆ ಸ್ತೋತ್ರ ಹೇಳಿ ಇದನ್ನು ಮಾಡಬಲ್ಲುದೇ? ನನ್ನ ಪಕ್ಕದವರು ಇದರಿಂದ ಎಡವುತ್ತಾರೆಯೇ, ಅಥವಾ ಯಾರಾದರೂ ಇದನ್ನು ಕಾನೂನು ಮಾಡಿ ನನ್ನ ಮೇಲೆ ಹೇರುತ್ತಿದ್ದಾರೆಯೇ? ಇದರಿಂದ ಯಾರಾದರೂ ಪಂಕ್ತಿಯ ಹೊರಗೆ ಉಳಿಯುತ್ತಾರೆಯೇ? ಮೊದಲ ಮೂರರ ಉತ್ತರ ಮನೆಯಿಂದ ಮನೆಗೆ, ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಬದಲಾಗಲಿ. ನಾಲ್ಕನೆಯದಕ್ಕೆ ಎಲ್ಲ ಕಾಲಕ್ಕೂ ಒಂದೇ ಉತ್ತರ.

ನಮ್ಮ ಸಭೆಗಳ ಹಿರಿಯರಲ್ಲಿ, ಸಭಾಪಾಲಕರಲ್ಲಿ ನನ್ನದೊಂದು ಬೇಡಿಕೆ. ಹಣೆಯ ಬೊಟ್ಟು, ಕೊರಳ ತಾಳಿ, ಬಾಗಿಲ ತೋರಣಗಳ ಮೇಲಿನ ಪ್ರಸಂಗಗಳನ್ನು ಕೆಲವು ಕಾಲ ನಿಲ್ಲಿಸಿ; ಅವನ್ನು ಆಯಾ ಮನೆಯವರ ಮನಸ್ಸಾಕ್ಷಿಗೆ ಬಿಡಿ. ಆ ಹೊತ್ತನ್ನು ನಮ್ಮ ಸಂಬಂಧಗಳಿಗೆ ಕೊಡಿ. ಮದುವೆಯ ಮಾತುಕತೆಯಲ್ಲಿ ಇಂದಿಗೂ ಹಳೆಯ ಜಾತಿ ಕೇಳುವವರು ನಮ್ಮಲ್ಲಿದ್ದಾರೆ. ಅದನ್ನು 'ಪದ್ಧತಿ' ಎಂದು ಕರೆದು ಸುಮ್ಮನಾಗುತ್ತೇವೆ. ಕ್ರಿಸ್ತನು ನಮ್ಮನ್ನು ಬಿಡಿಸಿದ್ದು ಪದ್ಧತಿಗಳನ್ನು ನಮ್ಮ ಅನುಕೂಲಕ್ಕೆ ಆರಿಸಿಕೊಳ್ಳುವುದಕ್ಕಾಗಿ ಅಲ್ಲ. ಯಾರ ಜೊತೆಯೂ, ಯಾರ ಮನೆಯಲ್ಲೂ, ಯಾವ ಅಂಜಿಕೆಯೂ ಇಲ್ಲದೆ ಕೂತು ಉಣ್ಣುವ ಧೈರ್ಯ ಬಂದಾಗಲೇ ಆ ಸ್ವಾತಂತ್ರ್ಯ ನಮ್ಮದಾಯಿತು ಎಂದು ಹೇಳಿಕೊಳ್ಳಬಹುದು.